ದಿನಕ್ಕೆ ಐವತ್ತು ನಿಮಿಷ ತಡ

ಮೂವತ್ತೊಂದು ವರ್ಷದಿಂದ ನಾನು ಕಾಲುವೆಯ ಗೇಜ್ ನೋಡುತ್ತಿದ್ದೇನೆ. ಮನೆ ಮಸ್ಕಿಯಲ್ಲಿ, ಕೆಲಸ ಸಿಂಧನೂರಿನ ಕಡೆಯ ಒಂದು ಉಪಕಾಲುವೆಯ ಮೇಲೆ. ಕಲ್ಲಿಗೆ ಬಡಿದ ಅಳತೆಪಟ್ಟಿಯ ಮುಂದೆ ನಿಂತು ನೀರು ಎಷ್ಟು ಅಡಿ ಇದೆ, ಎಷ್ಟು ಇಳಿಯಿತು ಎಂದು ದಿನಕ್ಕೆ ಮೂರು ಸಲ ಬರೆದುಕೊಳ್ಳಬೇಕು. ಈ ಕೆಲಸ ಮಾಡುತ್ತ ಮಾಡುತ್ತ ಮನುಷ್ಯ ಅನುಮಾನದವನಾಗುತ್ತಾನೆ. ನಾನು ಊಟಕ್ಕೆ ಹೋದ ಹೊತ್ತು ನೋಡಿ ಮೇಲಿನ ತೂಬನ್ನು ಯಾರೋ ಎತ್ತಿ ತಮ್ಮ ಹೊಲಕ್ಕೆ ನೀರು ಬಿಟ್ಟುಕೊಂಡಿರುತ್ತಾರೆ. ಕೇಳಿದರೆ ಎಲ್ಲರೂ ದೇವರ ಆಣೆ ಹಾಕುತ್ತಾರೆ. ನೀರು ಇಳಿದ ಕಡೆ ಕಲ್ಲಿನ ಮೇಲೆ ಹಸಿ ಗೆರೆ ಉಳಿದಿರುತ್ತದೆ. ಅದು ಎಷ್ಟು ಒಣಗಿದೆ ಎಂದು ನೋಡಿದರೆ ತೂಬು ಎತ್ತಿ ಎಷ್ಟು ಹೊತ್ತಾಯಿತು ಎಂದು ನಾನು ಹೇಳಬಲ್ಲೆ. ಮಂದಿಯ ಮಾತಿಗಿಂತ ಆ ಗೆರೆಯನ್ನು ನಂಬುವುದು ನನಗೆ ರೂಢಿಯಾಗಿದೆ.

"ನಿಮ್ಮ ಮುಂದ ಮಂದಿ ಕೆಮ್ಮಾಕೂ ಅಂಜತಾರ್ರಿ. ಯಾಕ ಕೆಮ್ಮಿದಿ ಅಂತ ಕೇಳೋರು ನೀವು," ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಅವಳು ಹೋಗಿ ನಾಲ್ಕನೆಯ ತಿಂಗಳಲ್ಲಿ ಅವಳ ನೋಟ್‌ಬುಕ್ಕು ನನ್ನ ಕೈಗೆ ಬಂತು. ಬೇಸಿಗೆಗೆ ಕಾಲುವೆಯ ನೀರು ಬಂದ್ ಆಗಿತ್ತು, ನನಗೆ ಮನೆಯಲ್ಲಿ ಕೂರುವ ದಿನಗಳು. ಅವಳು ಅಂಗನವಾಡಿಯಲ್ಲಿ ಟೀಚರ್ ಆಗಿದ್ದಳು. ಮಕ್ಕಳ ತೂಕ, ಬೇಳೆ, ಮೊಟ್ಟೆ ಎಲ್ಲವನ್ನೂ ಮೊದಲು ಕಚ್ಚಾ ಬರೆದುಕೊಳ್ಳುತ್ತಿದ್ದ ನೋಟ್‌ಬುಕ್ಕು ಅದು. ಅದರ ನಡುವೆ ಎರಡು ಪುಟದಲ್ಲಿ ಗೋಕರ್ಣದಿಂದ ಮುರ್ಡೇಶ್ವರದ ತನಕ ಸಮುದ್ರದ ದಂಡೆ ಹಿಡಿದು ನಡೆಯುವ ಏಳು ದಿನದ ಲೆಕ್ಕ ಇತ್ತು.

ಈ ನಡಿಗೆಯ ಮಾತು ನನಗೆ ಗೊತ್ತಿದ್ದದ್ದೇ. ಗಣೇಶ ಹಬ್ಬದ ಹೊತ್ತಿಗೆ ಅವಳು, "ದೀಪಾವಳಿ ಮುಗಿದ ಮ್ಯಾಲ ಒಂದು ವಾರ ರಜಾ ಹಾಕ್ರಿ. ಶ್ರೀಶೈಲಕ್ಕ ಮೂರು ಸಲ ನಡದೀವಿ, ಈ ಸಲ ಸಮುದ್ರ ನೋಡಿಕೋತ ನಡಿಯೂಣು. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಎಲ್ಲಾ ಶಿವನ ಗುಡಿನ," ಎಂದಿದ್ದಳು. ನಾನು ಹೂಂ ಅಂದಿದ್ದೆ. ದೀಪಾವಳಿ ಅಮಾವಾಸ್ಯೆಯ ದಿನವೇ ಅವಳಿಗೆ ಹೊಟ್ಟೆನೋವು ಬಂತು. ವಾರ ಕಳೆಯುವಷ್ಟರಲ್ಲಿ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂಬ ರಿಪೋರ್ಟು ಬಂತು. ಮಾಘದಲ್ಲಿ ಅವಳು ತೀರಿಕೊಂಡಳು.

ನೋಟ್‌ಬುಕ್ಕು ಸಿಕ್ಕ ದಿನ, ಈ ವರ್ಷ ದೀಪಾವಳಿ ಆದ ಮೇಲೆ ಅವಳ ಹೆಸರಿನಲ್ಲಿ ನಾನೇ ನಡೆದು ಬರುತ್ತೇನೆ ಎಂದು ತೀರ್ಮಾನಿಸಿದೆ. ಅವಳ ಲೆಕ್ಕವನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಲು ಕುಳಿತೆ. ಎರಡನೇ ಸಾಲಿಗೆ ನನ್ನ ಕೈ ನಿಂತಿತು.

ಶ್ರೀಶೈಲದ ದಾರಿಯಲ್ಲಿ ನಾವು ದಿನಕ್ಕೆ ಮೂವತ್ತು ಕಿಲೋಮೀಟರಿಗೆ ಕಮ್ಮಿ ನಡೆದವರಲ್ಲ. ಅವಳು ನಸುಕಿನಲ್ಲೇ ಎದ್ದು ಬಿಸಿಲೇರುವ ಮೊದಲು ಅರ್ಧ ದಾರಿ ಮುಗಿಸುವವಳು. ಮುಂದಿನ ದಾಸೋಹದ ಟೆಂಟಿನಲ್ಲಿ ಕುಳಿತು, ಕುಂಟುತ್ತ ಬರುವ ನನಗೆ ಮಜ್ಜಿಗೆ ಹಿಡಿದುಕೊಂಡು ಕಾಯುತ್ತಿದ್ದಳು. ಅಂಥವಳು ಇಲ್ಲಿ ಮೊದಲ ದಿನಕ್ಕೆ ಬರೆದದ್ದು ಏಳು ಕಿಲೋಮೀಟರ್. ಮರುದಿನ ಹತ್ತು. ಅದರ ಮರುದಿನ ಎಂಟು. ಹೊರಡುವ ಹೊತ್ತು ಇನ್ನೂ ವಿಚಿತ್ರ. ಮೊದಲ ದಿನ ಐದೂವರೆ, ಎರಡನೇ ದಿನ ಆರು ಇಪ್ಪತ್ತು, ಮೂರನೇ ದಿನ ಏಳು ಹತ್ತು. ಹೀಗೆ ದಿನದಿನಕ್ಕೆ ಐವತ್ತು ನಿಮಿಷ ತಡವಾಗುತ್ತ ಏಳನೇ ದಿನ ಬೆಳಿಗ್ಗೆ ಹತ್ತೂವರೆ. ಹತ್ತೂವರೆಯ ಬಿಸಿಲಿಗೆ ಚಪ್ಪಲಿ ಹಾಕುವ ಹೆಂಗಸು ಅವಳಾಗಿರಲಿಲ್ಲ.

ಹಿಂದಿನ ಪುಟ ತಿರುವಿದೆ. ನಾಗರಪಂಚಮಿಗೆ ಮಕ್ಕಳಿಗೆ ಹಂಚುವ ಉಂಡಿಯ ಲೆಕ್ಕ ಅಲ್ಲಿತ್ತು. ಅಂದರೆ ಇದನ್ನು ಅವಳು ಶ್ರಾವಣದಲ್ಲಿ ಬರೆದಿದ್ದಾಳೆ. ರಿಪೋರ್ಟು ಬರುವುದಕ್ಕೆ ಮೂರು ತಿಂಗಳು ಮೊದಲು.

ನನಗೆ ಹಸಿ ಗೆರೆ ಕಂಡ ಹಾಗಾಯಿತು. ನಡೆಯಲು ಆಗುವುದಿಲ್ಲ, ದಿನ ಕಳೆದ ಹಾಗೆ ಏಳುವುದೂ ತಡವಾಗುತ್ತದೆ ಎಂದು ಅವಳಿಗೆ ಶ್ರಾವಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ ನನಗೆ ಹೇಳಲಿಲ್ಲ. ಹೇಳಿದ್ದರೆ ಮೂರು ತಿಂಗಳು ಮೊದಲೇ ಆಸ್ಪತ್ರೆಗೆ ಹೋಗುತ್ತಿದ್ದೆವು, ಅವಳು ಉಳಿಯುತ್ತಿದ್ದಳೋ ಏನೋ. ಆಮೇಲೆ ಅನ್ನ ಉಣ್ಣುವಾಗಲೂ ನನ್ನ ತಲೆಯಲ್ಲಿ ಅದೊಂದೇ. ಗೊತ್ತಿತ್ತೋ, ಇಲ್ಲವೋ.

ಅವಳಿಗೆ ಗೊತ್ತಿದ್ದರೆ ಇನ್ನೊಬ್ಬರಿಗೂ ಗೊತ್ತಿರಬೇಕಿತ್ತು. ಲಿಂಗಸುಗೂರಿನಲ್ಲಿ ಅವಳ ಗೆಳತಿ ಇದ್ದಾರೆ, ನರ್ಸ್ ಆಗಿ ಕೆಲಸ ಮಾಡುತ್ತಾರೆ. ಅವಳು ಅವರನ್ನು ಆಪಾ ಎನ್ನುತ್ತಿದ್ದಳು, ನಾನು ಸಿಸ್ಟರ್ ಎನ್ನುತ್ತೇನೆ. ಆ ಮಳೆಗಾಲ ಅವಳು ಮೀಟಿಂಗ್ ಎಂದು ಲಿಂಗಸುಗೂರಿಗೆ ಮೇಲಿಂದ ಮೇಲೆ ಹೋಗಿದ್ದು ನನಗೆ ನೆನಪಾಯಿತು. ಹೋದಾಗಲೆಲ್ಲ ಅವರ ಮನೆಯಲ್ಲಿ ಚಹಾ ಕುಡಿದು ಬರುತ್ತಿದ್ದಳು. ಅಂಗನವಾಡಿಯವರಿಗೆ ಅಷ್ಟು ಮೀಟಿಂಗ್ ಇರುತ್ತವೆಯೇ ಎಂದು ಈಗ ಅನುಮಾನ ಬಂತು.

ನಡಿಗೆಯ ತಯಾರಿಯ ಸಲಹೆ ಕೇಳುವ ನೆಪ ಮಾಡಿಕೊಂಡು ಲಿಂಗಸುಗೂರಿಗೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ತೂಬಿನವನು ಸಿಕ್ಕ. ಸಮುದ್ರದ ದಂಡೆ ಹಿಡಿದು ನಡೆಯುವ ವಿಷಯ ಹೇಳಿದೆ.

"ಹೋಗಿ ಬಾಪಾ. ಅಲ್ಲಿ ನಿನಗ ಸುಖ. ಸಮುದ್ರದ ನೀರು ಯಾರು ಕದ್ರೂ ಕಮ್ಮಿ ಆಗಂಗಿಲ್ಲ, ಗೇಜ್ ನೋಡೂದಿಲ್ಲ, ಬರಿಯೂದಿಲ್ಲ," ಎಂದು ನಕ್ಕ. ನಾನೂ ನಕ್ಕೆ. ನಮ್ಮಿಬ್ಬರಿಗೂ ಸಮುದ್ರದ ಬಗ್ಗೆ ಗೊತ್ತಿದ್ದದ್ದು ಅಷ್ಟೇ.

ಸಿಸ್ಟರ್ ಆಗತಾನೆ ಡ್ಯೂಟಿ ಮುಗಿಸಿ ಬಂದಿದ್ದರು. ಕಾಲಿಗೆ ಯಾವ ಎಣ್ಣೆ ಹಚ್ಚಬೇಕು, ಯಾವ ಮಾತ್ರೆ ಇಟ್ಟುಕೊಳ್ಳಬೇಕು ಎಂದು ಕೇಳಿದೆ. ಅವರು ಚೀಟಿಯಲ್ಲಿ ಬರೆಯುತ್ತಿದ್ದಾಗ ನೋಟ್‌ಬುಕ್ಕು ತೆಗೆದು ಮುಂದಿಟ್ಟೆ.

"ಇದನ್ನ ನೋಡ್ರಿ ಸಿಸ್ಟರ್. ದಿನಾ ಐವತ್ತು ನಿಮಿಷ ತಡ ಮಾಡಿ ಹೊರಡೂ ಲೆಕ್ಕ ಹಾಕ್ಯಾಳ. ಯಾಕಿರಬೇಕು?"

ಅವರು ಪುಟವನ್ನು ಬಹಳ ಹೊತ್ತು ನೋಡಿದರು. "ನನಗ ತಿಳೀವಲ್ದು ಅಣ್ಣಾರ."

"ಆಕಿಗೆ ಆಗ ಮೈಯಾಗ ಏನಾರ ಆಗತಿತ್ತೇನು? ನಿಮ್ಮ ಮುಂದ ಅಂದಿದ್ಲೇನು?"

"ಚಾ ಇಡತೀನಿ ಕೂಡ್ರಿ," ಎಂದು ಒಳಗೆ ಹೋದರು. ಚಹಾ ಬರಲು ಬಹಳ ಹೊತ್ತಾಯಿತು. ಬಂದಾಗ ಅದರಲ್ಲಿ ಸಕ್ಕರೆ ಇರಲಿಲ್ಲ. ಮನೆಗೆ ಬಂದವರಿಗೆ ಸಕ್ಕರೆ ಹಾಕುವುದನ್ನು ಮರೆಯುವಷ್ಟು ಅವರ ಮನಸ್ಸಿನಲ್ಲಿ ಏನಿತ್ತು? ನಾನು ಮತ್ತೆ ಕೇಳಲಿಲ್ಲ. ಸಪ್ಪೆ ಚಹಾ ಕುಡಿದು ಎದ್ದೆ. ಬಸ್ಸಿನಲ್ಲಿ ಸಂತೆಕಲ್ಲೂರು ದಾಟುವ ತನಕ ಅವರ ಒಂದೊಂದು ಮಾತನ್ನೂ ತಿರುವಿ ತಿರುವಿ ನೋಡಿದೆ. ಎಲ್ಲವೂ ಸುಳ್ಳಿನ ಹಾಗೆಯೇ ಕಂಡವು.

ಪುಟದ ಅಂಚಿನಲ್ಲಿ ಒಂದು ಫೋನ್ ನಂಬರ್ ಇತ್ತು. ಮುಂದೆ ತದಡಿ ಎಂದು ಊರಿನ ಹೆಸರು ಮಾತ್ರ. ಯಾರದಿದು, ಯಾಕೆ ನನಗೆ ಹೇಳಿರಲಿಲ್ಲ ಎಂದು ಅದರ ಮೇಲೂ ಎರಡು ದಿನ ಅನುಮಾನ ಪಟ್ಟೆ. ಮೂರನೇ ದಿನ ಬೆಳಿಗ್ಗೆ ಫೋನ್ ಮಾಡಿದೆ. ವಯಸ್ಸಾದ ಹೆಂಗಸಿನ ದನಿ. ಮಸ್ಕಿಯಿಂದ ಎಂದೆ.

"ಮಸ್ಕಿ ಅಕ್ಕೋರ ಮನೆಯವ್ರಾ? ಎಂತ ಆಯ್ತು ಅಕ್ಕೋರಿಗೆ? ದೀಪಾವಳಿಗೆ ಬರ್ತೆ ಅಂದವ್ರು ಬರಲೇ ಇಲ್ಲ, ಫೋನೂ ಇಲ್ಲ."

ತೀರಿಕೊಂಡಳು ಎಂದು ಹೇಳಬೇಕಾಯಿತು. ಅಯ್ಯೋ ದೇವರೇ ಎಂದಳು. ಆಮೇಲೆ ಆಕೆ ತಾನಾಗಿಯೇ ಹೇಳಿದಳು. ನಡೆದು ಬರುವವರಿಗೆ ಆಕೆ ತನ್ನ ಮನೆಯಲ್ಲಿ ಒಂದು ಕೋಣೆ ಕೊಡುತ್ತಾಳಂತೆ. ನನ್ನ ಹೆಂಡತಿ ಐದಾರು ಸಲ ಫೋನ್ ಮಾಡಿ ದಾರಿ ಕೇಳಿಕೊಂಡಿದ್ದಳಂತೆ.

"ಹಂಗಾದ್ರ ಒಂದು ಮಾತು ಹೇಳ್ರಿ ಅಮ್ಮಾ," ಎಂದೆ. "ದಿನಾ ಐವತ್ತು ನಿಮಿಷ ತಡ ಅಂತ ಬರದಾಳ. ಮೈಯಾಗ ಆರಾಮ ಇಲ್ಲ ಅಂದಿದ್ಲೇನು?"

"ಆರಾಮದ್ದಲ್ಲ ಅದು, ಇಳಿತದ ಲೆಕ್ಕ. ನಾನೇ ಬರೆಸಿದ್ದು. ಸಮುದ್ರ ಇಳಿದಾಗ ಮಾತ್ರ ಮರಳು ಗಟ್ಟಿ ಇರ್ತದೆ, ನಡೀಲಿಕ್ಕೆ ಆಗ್ತದೆ. ಹಳ್ಳ ಸಮುದ್ರಕ್ಕೆ ಸೇರೋ ಕಡೆ ಆಗಲೇ ದಾಟಬೇಕು. ಆ ಇಳಿತ ದಿನಾ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡ ಆಗ್ತಾ ಹೋಗ್ತದೆ. ಸಣ್ಣ ಮಕ್ಕಳಿಗೂ ಗೊತ್ತು."

"ಏಳ ಕಿಲೋಮೀಟರ್ ಯಾಕ್ರಿ ಮತ್ತ?"

"ತದಡಿಯಲ್ಲಿ ಹೊಳೆ ಅಡ್ಡ ಬಂತಲ್ರಾ. ದೋಣಿ ಕಾಯ್ಬೇಕು. ಮುಂದೂ ಹಾಗೇ, ಅಲ್ಲಲ್ಲಿ ಹೊಳೆ. ಹೊಳೆ ಮೇಲೆ ಹೇಗೆ ನಡೀತ್ರಿ?"

ಈ ದೀಪಾವಳಿ ಆದ ಮೇಲೆ ನಾನೇ ಕಟಕ ರೊಟ್ಟಿ ಕಟ್ಟಿಕೊಂಡು ನಡೆಯಲು ಬರುತ್ತೇನೆ ಎಂದೆ. ಸಮುದ್ರದ ಗಾಳಿಗೆ ರೊಟ್ಟಿ ಎರಡು ದಿನದಲ್ಲಿ ಮೆತ್ತಗಾಗುತ್ತದೆ, ಊಟ ತಾನೇ ಹಾಕುತ್ತೇನೆ, ಅಕ್ಕೋರೂ ಇದನ್ನೇ ಕೇಳಿದ್ದರು ಎಂದಳು.

ಫೋನ್ ಇಟ್ಟು ಕಟ್ಟೆಯ ಮೇಲೆ ಕುಳಿತೆ. ನಮ್ಮ ಕಾಲುವೆಯ ನೀರಿಗೆ ಒಂದೇ ಮುಖ. ಮೇಲಿಂದ ಬಂದದ್ದು ಕೆಳಗೆ ಹೋಗುತ್ತದೆ, ಯಾರಾದರೂ ಕದ್ದರೆ ಇಳಿಯುತ್ತದೆ. ಯಾರೂ ಕದಿಯದೆ ತಾನೇ ಇಳಿದು ತಾನೇ ಏರುವ ನೀರು ಇರುತ್ತದೆ ಎಂದು ಶಾಲೆಯಲ್ಲಿ ಓದಿರಬೇಕು, ನೆನಪಿರಲಿಲ್ಲ. ಅವಳು ಬರೆದಿಟ್ಟದ್ದು ನೀರಿನ ಗೇಜ್. ನನ್ನದೇ ಕೆಲಸದ ಕಾಗದ. ಅದನ್ನು ನಾನು ಅವಳ ರೋಗದ ಕಾಗದ ಎಂದು ಓದಿದ್ದೆ. ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂದು ಎದೆ ಹಗುರಾಯಿತು. ಸತ್ತವಳ ಮೇಲೆ ಹದಿನೈದು ದಿನ ಅನುಮಾನ ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಲಿಂಗಸುಗೂರಿಗೆ ಹೋದೆ. ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. ಒಳಗೆ ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಇಳಿತ, ಮರಳು, ದೋಣಿ. "ನಿಮ್ಮ ಮ್ಯಾಲ ಸಂಶಯ ಪಟ್ಟಿದ್ದೆ ಸಿಸ್ಟರ್. ಆಕಿ ಮ್ಯಾಲೂ. ತಪ್ಪಾತು, ಮಾಫ್ ಮಾಡ್ರಿ."

ಅವರು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಂದ ಬಸ್ಸಿನಲ್ಲೇ ಹಗುರಾಗಿ ತಿರುಗಿ ಹೋಗುತ್ತಿದ್ದೆ. ಅವರು ಕುರ್ಚಿ ಎಳೆದು ನನ್ನ ಎದುರಿಗೆ ಕುಳಿತರು.

"ಮಾಫಿ ನೀವು ಕೇಳಬ್ಯಾಡ್ರಿ ಅಣ್ಣಾರ. ಆ ನೋಟ್‌ಬುಕ್ ನೀವು ತೋರಸೂ ತನಕ ನಾ ಕಂಡಿರಲಿಲ್ಲ, ಅದು ಖರೇ. ಉಳಿದದ್ದು ನನಗ ಗೊತ್ತಿತ್ತು."

"ಉಳಿದದ್ದು ಅಂದ್ರ?" ಎಂದೆ.

"ಶ್ರಾವಣದಾಗ ಆಕಿನ ಸ್ಕ್ಯಾನ್ ಮಾಡಿಸಾಕ ನಾನ ಕರಕೊಂಡು ಹೋಗಿದ್ದೆ. ಅವತ್ತ ಗೊತ್ತಾತು. ನಿಮಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡ್ಲು. ‘ಹೇಳಿದ್ರ ನನ್ನ ನಡಿಯಾಕ ಬಿಡಂಗಿಲ್ಲ ಆಪಾ. ಹಿಂದ ಹಿಂದ ನಿಂತು ನನ್ನ ಹೆಜ್ಜಿ ಎಣಿಸ್ತಾರ. ಏಳ ದಿನ ನಡದು ಬಂದ ಮ್ಯಾಲ ನಾನ ಹೇಳತೀನಿ’ ಅಂದ್ಲು. ಅಷ್ಟರಾಗ ನೋವ ಬಂತು."

ಗೋಡೆಯ ಮೇಲಿನ ಫ್ಯಾನು ಕತ್ತು ತಿರುಗಿಸುತ್ತಿತ್ತು. ನಾನು ಅದನ್ನೇ ನೋಡುತ್ತ ಕೇಳಿದೆ. "ಆಗ ಹೇಳಿದ್ರ ಉಳೀತಿದ್ಲೇನು?"

"ಡಾಕ್ಟ್ರು ಭಾಳ ಮುಂದ ಹೋಗೇತಿ ಅಂದಿದ್ರು. ಆದ್ರ ನಾ ಹೌದು ಅನ್ನಾಕೂ ಆಗಂಗಿಲ್ಲ, ಇಲ್ಲ ಅನ್ನಾಕೂ ಆಗಂಗಿಲ್ಲ. ನಿಮ್ಮ ಮುಂದ ಸುಳ್ಳು ಹೇಳಿ ಸಾಕಾಗೇತಿ."

ನನ್ನ ಸಾಕ್ಷಿ ತಪ್ಪಾಗಿತ್ತು, ಅನುಮಾನ ಸರಿ ಇತ್ತು. ನನಗೆ ಸಿಟ್ಟು ಬಂತು. ಸಿಸ್ಟರ್ ಮೇಲಿಗಿಂತ ಅವಳ ಮೇಲೆ ಹೆಚ್ಚು. ಅವಳು ಹೋದ ಮೇಲೆ ಅಳು ಬಂದಿತ್ತು, ನಿದ್ದೆ ಹೋಗಿತ್ತು, ಸಿಟ್ಟು ಬಂದದ್ದು ಅವತ್ತೇ ಮೊದಲು. ಮುಖಕ್ಕೆ ನೀರು ಹೊಡೆದ ಹಾಗಾಗಿ ಎಚ್ಚರವಾಯಿತು. ಸತ್ತವರನ್ನು ನಮ್ಮಲ್ಲಿ ಯಾರೂ ಬೈಯುವುದಿಲ್ಲ. ನಾಲ್ಕು ತಿಂಗಳಿಂದ ಬಂದವರೆಲ್ಲ ಅವಳು ದೇವರಂಥವಳು ಎಂದೇ ಹೇಳಿ ಹೋಗಿದ್ದರು, ನಾನೂ ತಲೆ ಅಲ್ಲಾಡಿಸಿದ್ದೆ.

ಸಿಸ್ಟರ್ ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನ ಸಮುದ್ರಕ್ಕ ಹೋಗಂಗಿಲ್ಲ ಬಿಡ್ರಿ ನೀವು."

"ಹೋಗತೀನಿ," ಎಂದೆ. "ಆಕಿಗೆ ಬೈಯಾಕ ಏಳ ದಿನ ಬೇಕು. ಮನ್ಯಾಗ ಬೈದ್ರ ಬಾಜೂಕಿನವರಿಗೆ ಕೇಳ್ತೈತಿ."

ಅವರಿಗೆ ನಗು ಬಂತು, ತಡೆದುಕೊಂಡರು. "ನನಗೂ ಬೈರಿ. ಆಣಿ ಉಳಿಸಿಕೊಂಡಾಕಿ ನಾನು."

"ನಿಮಗ ಬೈಯಂಗಿಲ್ಲ. ದಿನಾ ಸಂಜಿಕ ಮುಕ್ಕಾಂ ಮಾಡಿದ ಊರಿಂದ ಫೋನ್ ಮಾಡತೀನಿ. ಶ್ರಾವಣದಿಂದ ದೀಪಾವಳಿ ತನಕ ಆಕಿ ನಿಮ್ಮ ಮುಂದ ಏನೇನ ಅಂದ್ಲು, ನನಗ ಗೊತ್ತಿಲ್ಲ. ದಿನಕ್ಕ ಒಂದು ಮಾತು ಹೇಳ್ರಿ. ಖರೇ ಇದ್ದದ್ದು ಇದ್ದಂಗ. ಏಳ ಮಾತು ಅದಾವೇನು?"

ಸಿಸ್ಟರ್ ಕಿಟಕಿಯ ಕಡೆ ನೋಡುತ್ತ ಮನಸ್ಸಿನಲ್ಲೇ ಎಣಿಸಿದರು.

"ಅದಾವು. ಒಂದೆರಡು ನಿಮಗ ಸೇರಂಗಿಲ್ಲ."

"ಅವನ್ನ ಮೊದಲ ಹೇಳ್ರಿ," ಎಂದೆ.