ಜೀಪಿನಿಂದ ಇಳಿಯದ ಚುಕ್ಕೆ

ಎಳೆಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಆ ದಿಬ್ಬದಲ್ಲಿ ಹೂತ ಗೋಡೆಗಳ ಗುರುತು ಹುಲ್ಲಿನ ಮೇಲೆ ನೆರಳಾಗಿ ಮೂಡುತ್ತದೆ; ಗಂಟೆ ಎಂಟಾದರೆ ಎಲ್ಲವೂ ಮಟ್ಟಸ. ಅಷ್ಟರೊಳಗೆ ಐವತ್ತೆರಡು ವರ್ಷದ ಹೆಂಗಸೊಬ್ಬರು, ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು, ನೆರಳಿನ ಅಂಚಿನಲ್ಲೇ ನಡೆಯುತ್ತಾರೆ. ನಿಂತಲ್ಲೆಲ್ಲ ಪರದೆಯ ನಕ್ಷೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಕಚೇರಿಯವರು ಅವರನ್ನು ಕರೆಯುವುದು ಚುಕ್ಕೆಯಕ್ಕ ಎಂದೇ.

ಪ್ರಾಚೀನ ನೆಲೆಗಳ ಡಿಜಿಟಲ್ ನಕ್ಷೆ ಸಿದ್ಧಪಡಿಸುವ ಕಚೇರಿಯಲ್ಲಿ ಅವರು ಹನ್ನೊಂದು ವರ್ಷಗಳಿಂದ ದಿನಗೂಲಿಯ ಅಳತೆಗಾರ್ತಿ. ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡಿಗೆ, ಇನ್ನೂರು ಚುಕ್ಕೆ. ಎಡಮೊಣಕಾಲು ಸವೆದಿದೆ. ಮನೆಯಲ್ಲಿ ಅತ್ತೆಯ ಕುಟುಕು ಬೇರೆ: "ನಮ್ಮನೆ ಗೋಡೆ ಬಿರುಕು ಬಿಟ್ಟು ಎರಡು ವರ್ಷ ಆಯ್ತು, ಅದನ್ನ ನೋಡೋಕೆ ಪುರುಸೊತ್ತಿಲ್ಲ. ಸತ್ತು ಸಾವಿರ ವರ್ಷ ಆದೋರ ಗೋಡೆ ಅಳೀತಾಳೆ ನಮ್ಮ ಸೊಸೆ!"

"ಅವರು ನಿಮ್ಮ ಹಾಗೆ ಬಯ್ಯಲ್ಲ ಅತ್ತೆ" ಎಂಬುದು ಸೊಸೆಯ ಉತ್ತರ.

ಈ ದಿಬ್ಬಕ್ಕೆ ಅವರು ಬಂದಿರುವುದು ಒಂದು ಲಜ್ಜೆಗೇಡಿತನವನ್ನು ತಿದ್ದಲು. ಹಿಂದೆ ಸಮೀಕ್ಷೆಗೆ ಬಂದಿದ್ದ ಅಧಿಕಾರಿ ಜೀಪಿನಿಂದ ಇಳಿಯಲೇ ಇಲ್ಲ. ರಸ್ತೆಬದಿಯಲ್ಲೇ ಕುಳಿತು ಚುಕ್ಕೆಯಿಟ್ಟು ಹೊರಟುಹೋದರು. ಹೀಗಾಗಿ ಸರ್ಕಾರಿ ನಕ್ಷೆಯಲ್ಲಿ ರಕ್ಷಣೆ ದೊರೆತಿರುವುದು ರಸ್ತೆಯ ಮೋರಿಗೆ! ನಾನೂರು ಮೀಟರು ಆಚೆಯ ದಿಬ್ಬ ಬರಿಯ ಬಯಲೆಂದು ಕಲ್ಲುಗಣಿಗೆ ಮಂಜೂರಾಗಿದೆ. ಚುಕ್ಕೆಯಕ್ಕ ಮರುಪರಿಶೀಲಿಸಿದ ಅರವತ್ತು ನೆಲೆಗಳಲ್ಲಿ ಹದಿನೇಳರ ಚುಕ್ಕೆಗಳು ಹೀಗೆ ರಸ್ತೆಯ ಮೇಲೇ ಕುಳಿತಿವೆ. ನಾನೂರು ಮೀಟರು ನಡೆಯಲಾರದ ಸೋಮಾರಿತನ ಇಡೀ ಊರೊಂದರ ಗುರುತನ್ನೇ ಅಳಿಸಬಲ್ಲದಾದರೆ, ಅದನ್ನು ಕೈತಪ್ಪು ಎನ್ನಲು ಮನಸ್ಸು ಒಪ್ಪುವುದಿಲ್ಲ. ಅದು ಅಪರಾಧ.

ಆ ಮಂಜೂರಾತಿಯ ಮೇಲಿನ ಆಕ್ಷೇಪಣೆಯ ವಿಚಾರಣೆ ಸೋಮವಾರ. ತಿದ್ದಿದ ನಕ್ಷೆ ಅಷ್ಟರೊಳಗೆ ತಲುಪದಿದ್ದರೆ ಮಂಗಳವಾರವೇ ಅಗೆತ. ಅಗೆಯುವ ಯಂತ್ರ ಈಗಾಗಲೇ ದಿಬ್ಬದ ಬುಡದಲ್ಲಿ ನಿಂತಿದೆ. ಅದರ ಚಾಲಕ ಮೇಲೆ ಹತ್ತಿ ಬರುತ್ತಾನೆ.

"ಅಕ್ಕಾ, ನಮ್ಮ ಕಾಗದದಲ್ಲಿ ಇಲ್ಲೇನೂ ಇಲ್ಲ ಅಂತಿದೆಯಲ್ಲಾ?"

"ಕಾಗದ ಬಿಡಪ್ಪಾ, ಕಾಲ ಕೆಳಗೆ ನೋಡು. ನೀನು ನಿಂತಿರೋದು ಯಾರದೋ ಮನೆ ಹೊಸ್ತಿಲ ಮೇಲೆ."

ಆತ ತನಗರಿವಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಆ ಅಧಿಕಾರಿಗೆ ಇಲ್ಲದ ಸಂಕೋಚ ಈ ಕೂಲಿಯವನಿಗಿದೆ.

ಬಿಸಿಲು ಏರುತ್ತಿದ್ದಂತೆ ನೆರಳುಗಳು ಕರಗುತ್ತವೆ. ಕೊನೆಯ ಚುಕ್ಕೆಯಿಟ್ಟ ಮೇಲೆ ನಮೂನೆಯಲ್ಲಿ ಒಂದು ಪದ ತುಂಬುವುದು ಬಾಕಿ: 'ಇದೆ' ಅಥವಾ 'ಇತ್ತು'. ತಾವು ತಲುಪುವ ಮೊದಲೇ ನೆಲಸಮವಾದ ಒಂಬತ್ತು ನೆಲೆಗಳ ಮುಂದೆ 'ಇತ್ತು' ಎಂದು ಬರೆದವರು ಇವರೇ. ಇಂದು 'ಇದೆ' ಎಂದು ತುಂಬಿ, ನಕ್ಷೆಯನ್ನು ಕಚೇರಿಗೆ ಕಳುಹಿಸುತ್ತಾರೆ. ಮೊಣಕಾಲು ನೀವಿಕೊಳ್ಳುತ್ತಾ ಹೇಳುತ್ತಾರೆ:

"ನನ್ನ ಹೆಸರು ನಕ್ಷೆಯಲ್ಲಿ ಎಲ್ಲೂ ಬರಲ್ಲ, ಬರೋದೂ ಬೇಡ. ಈಗ ಬರೆದಿರೋ ಈ ಪದಾನ ನನ್ನ ಕೈಯಿಂದಲೇ ತಿದ್ದಿಸದಿದ್ರೆ ಸಾಕು."