ಟೆಸ್ಮರ್ ಅವರ ಕಿವಿ

ನಮ್ಮ ಕಟ್ಟಡದ ಹಿಂದಿನ ಅಂಗಳಕ್ಕೆ ಎದುರುಬದುರಾಗಿ ಎರಡು ಅಡುಗೆಮನೆ ಕಿಟಕಿಗಳಿವೆ. ಒಂದು ನನ್ನದು, ಇನ್ನೊಂದು ಓಟ್ಮಾರ್ ಟೆಸ್ಮರ್ ಅವರದು. ಬರ್ಲಿನ್ನಿಗೆ ಬೇಸಿಗೆ ಬರುವುದೇ ಅಪರೂಪ, ಬಂದಾಗ ಕಿಟಕಿ ಮುಚ್ಚಿಕೊಂಡು ಕೂರಲು ನನಗೇನು ಹುಚ್ಚೇ? ಹಾಗಾಗಿ ಅವರ ಮನೆಯ ಸದ್ದೆಲ್ಲ ನನ್ನ ಪಾಲಿಗೆ. ಸದ್ದೆಂದರೆ ಪೂರ್ತಿ ಹಾಡಲ್ಲ. ಯಾರೋ ಬಾರಿಸಿದ ಗಂಟೆಯ ನಾದದ ತುಣುಕು, ಇಲ್ಲವೇ ಯಾರೋ ಉಸಿರೆಳೆದುಕೊಂಡದ್ದು, ಇಲ್ಲವೇ ಬಾಗಿಲು ಕಿರುಗುಟ್ಟಿದ್ದು. ಅದೇ ತುಣುಕು ಮತ್ತೆ ಮತ್ತೆ. ಬೆಳಗಿನ ಕಾಫಿಗೆ ಶುರುವಾದದ್ದು ಮಧ್ಯಾಹ್ನ ಆಲೂಗಡ್ಡೆ ಬೇಯುವಾಗಲೂ ಸುತ್ತುತ್ತಲೇ ಇರುತ್ತದೆ.

"ಟೆಸ್ಮರ್ ಅವರೇ, ಇದು ಇವತ್ತಿಗಾದ್ರೂ ಮುಗಿಯುತ್ತಾ?" ಎಂದು ನಾನು ಕಿಟಕಿಯಿಂದ ಕೂಗುತ್ತಿದ್ದೆ.

"ಜೀವನಪೂರ್ತಿ ಟ್ರಾಮ್ ಓಡಿಸಿದೋರು ನೀವು, ಗುಡ್ರುನ್ ಅವರೇ. ಹೋದ ದಾರೀಲೇ ಹೋಗೋದು ನಿಮಗೆ ಹೊಸದಾ?" ಎಂದು ಅವರೂ ಬಿಡುತ್ತಿರಲಿಲ್ಲ.

ಬರ್ಲಿನ್ ಗೋಡೆ ಬೀಳುವ ಮುಂಚೆ ಅವರು ಇಲ್ಲೇ ನಮ್ಮ ಪೂರ್ವ ಭಾಗದ ರೇಡಿಯೋ ನಿಲಯದಲ್ಲಿ ಟೇಪ್ ಕತ್ತರಿಸುವ ಕೆಲಸದಲ್ಲಿದ್ದರು. ನಾಟಕಕ್ಕೆ ಮಳೆ ಬೇಕು, ಗಾಳಿ ಬೇಕು ಎಂದರೆ ಟೇಪಿನ ಒಂದು ತುಂಡನ್ನು ಕೊಯ್ದು, ಎರಡೂ ತುದಿಗಳನ್ನು ಬಳೆಯಂತೆ ಅಂಟಿಸಿ, ಯಂತ್ರದಲ್ಲಿ ಸುತ್ತಲು ಬಿಡುವುದು. ಬಳೆ ದೊಡ್ಡದಾದರೆ ಒಬ್ಬ ಪೊರಕೆಯ ಕೋಲು ಹಿಡಿದು ಬಾಗಿಲಾಚೆ ನಿಂತು, ಟೇಪನ್ನು ಅದರ ಮೇಲೆ ಹಾಯಿಸಬೇಕು. ಅಂಟಿಸಿದ ಜಾಗ ಗೊತ್ತಾಗಬಾರದು. ಅದಕ್ಕೆ ಓರೆಯಾಗಿ ಕೊಯ್ಯಬೇಕು, ಹಿತ್ತಾಳೆಯ ಕತ್ತರಿಯೇ ಆಗಬೇಕು. ಕಬ್ಬಿಣದ ಕತ್ತರಿಗೆ ಅಯಸ್ಕಾಂತದ ಗುಣ ಹಿಡಿದಿದ್ದರೆ ಪ್ರತಿ ಸುತ್ತಿಗೂ ಅಲ್ಲಿ 'ಟಿಕ್' ಎನ್ನುತ್ತದಂತೆ. ಗೋಡೆ ಬಿತ್ತು, ರೇಡಿಯೋ ನಿಲಯ ಮುಚ್ಚಿತು, ಟೆಸ್ಮರ್ ಒಂದು ಶಾಲೆಯಲ್ಲಿ ನೀರಿನ ಪೈಪು, ಬಾಗಿಲ ಬೀಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತರಾದರು. ಆಮೇಲೆ ಹೆಂಡತಿಯೂ ತೀರಿಕೊಂಡರು. ಅಂಥ ಕಿವಿ ಇದ್ದ ಮನುಷ್ಯ ಬರೀ ಶಾಲೆಯ ನಲ್ಲಿ ಸೋರುವುದನ್ನು ಕೇಳಿಕೊಂಡು ಮುದುಕನಾದನಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರನ್ನು ಮತ್ತೆ ಕೆಲಸಕ್ಕೆ ಎಳೆದವಳು ಮಗಳು ರೀಕೆ. ಈ ಊರಿನ ಅರ್ಧ ಮಕ್ಕಳಂತೆ ಅವಳೂ ಕಂಪ್ಯೂಟರಿನಲ್ಲಿ ಸಂಗೀತ ಮಾಡುವವಳು. ಅಪ್ಪನ ಆ ಟೇಪಿನ ಬಳೆಯನ್ನೇ ಒಂದು ಪ್ಲಗಿನ್, ಅಂದರೆ ಸಂಗೀತದ ತಂತ್ರಾಂಶಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಮಾಡಿದಳು. ಯಾವುದೇ ಸದ್ದಿನ ತುಣುಕು ಕೊಟ್ಟರೆ ಅದು ಸುತ್ತುತ್ತದೆ, ಸುತ್ತುತ್ತಾ ಸವೆಯುತ್ತದೆ, ಹಿಂದುಮುಂದಾಗುತ್ತದೆ, ಕೊನೆಗೆ ಬೇರೆಯೇ ಏನೋ ಆಗಿ ಮನಸ್ಸಿಗೆ ನಾಟುತ್ತದೆ. ನಾನು ಬೈಯುತ್ತಿದ್ದೆ, ನಿಜ. ಆದರೆ ಒಂದೊಂದು ಸಂಜೆ ಪಾತ್ರೆ ತೊಳೆಯುವುದನ್ನು ಬಿಟ್ಟು ಕೇಳುತ್ತಾ ನಿಂತದ್ದೂ ಉಂಟು.

ರೀಕೆ ಪ್ರತಿ ಗುರುವಾರ ಹೊಸದಾಗಿ ತಿದ್ದಿದ ಪ್ಲಗಿನ್ ತಂದು ಅಪ್ಪನ ಕಂಪ್ಯೂಟರಿಗೆ ಹಾಕುವಳು. ಟೆಸ್ಮರ್ ಕೂತು ಕೇಳುವವರಲ್ಲ. ಸುತ್ತಲು ಬಿಟ್ಟು ತರಕಾರಿ ಹೆಚ್ಚುವರು, ಬಟ್ಟೆ ಮಡಚುವರು. ತುಣುಕಿನ ಕೊನೆ ಮತ್ತೆ ಮೊದಲಿಗೆ ಕೂಡುವ ಬೆಸುಗೆ ಕೆಟ್ಟಿದ್ದರೆ ಅದು ತಾನಾಗಿ ಕೆಲಸದಿಂದ ಎಬ್ಬಿಸುತ್ತದೆ ಎನ್ನುವುದು ಅವರ ಲೆಕ್ಕ. ಭಾನುವಾರದ ಕಾಫಿಗೆ ತೀರ್ಪು. "ಸ್ವಚ್ಛ" ಎಂದರೆ ಮಾತ್ರ ಅದು ಲೋಕಕ್ಕೆ ಹೋಗಬೇಕು. ಆ ಒಂದು ಮಾತಿಗಾಗಿ ಅವರು ವಾರವಿಡೀ ಕೆಲಸಕ್ಕೆ ಹೊರಟವರಂತೆ ಗಡ್ಡ ಹೆರೆದುಕೊಂಡು ಓಡಾಡುತ್ತಿದ್ದರು.

ಈ ಆಗಸ್ಟಿನ ಒಂದು ಗುರುವಾರ ಆಚೆ ಕಿಟಕಿಯಿಂದ ಗಂಟೆಯ ನಾದ ಬಂತು. ಅದರ ಕೊನೆಯಲ್ಲಿ ಸಣ್ಣಗೆ, ಒಣಗಿದ ಕಡ್ಡಿ ಮುರಿದಂತೆ, 'ಟಿಕ್'. ಸುತ್ತಿಗೊಂದು ಟಿಕ್. ನನಗೆ ತಲೆ ಕೆಟ್ಟಿತು. ಕಸ ಹಾಕಲು ಕೆಳಗಿಳಿದವಳಿಗೆ ಮೆಟ್ಟಿಲ ಮೇಲೆ ರೀಕೆ ಸಿಕ್ಕಳು.

"ಏನೇ ಅದು ಟಿಕ್ ಟಿಕ್? ನಿಮ್ಮಪ್ಪ ಹೇಗೆ ಸುಮ್ನಿದ್ದಾರೆ?"

ಅವಳು ನನ್ನ ಕೈ ಹಿಡಿದುಕೊಂಡಳು. "ಅಪ್ಪಂಗೆ ಕೇಳಿಸ್ತಿಲ್ಲ, ಆಂಟಿ. ಪಕ್ಕದಲ್ಲೇ ನಿಂತಿದ್ರು, ಮುಖ ಅಲುಗಲಿಲ್ಲ. ವಸಂತದಿಂದ್ಲೂ ಹೀಗೇ. ಅವರು ಸ್ವಚ್ಛ ಅಂತಾರೆ, ನಾನು ಮನೇಗೆ ಹೋಗಿ ಸರಿ ಮಾಡ್ಕೋತೀನಿ."

"ಹೇಳ್ಬಾರ್ದಾ?"

"ಹೇಳಿದ್ರೆ ಅವರ ಹತ್ರ ಇನ್ನೇನು ಉಳಿಯುತ್ತೆ? ದಯವಿಟ್ಟು ಆಂಟಿ, ನಿಮ್ಮ ಬಾಯಿ ಸ್ವಲ್ಪ ಬಿಗಿ ಹಿಡೀರಿ."

ಹಿಡಿದೆ. ನನ್ನ ಮಟ್ಟಿಗೆ ಅದೊಂದು ತಪಸ್ಸು. ಗುರುವಾರದಿಂದ ಭಾನುವಾರದವರೆಗೆ ಆ ಟಿಕ್ ಕೇಳುತ್ತಾ ಹಲ್ಲು ಕಚ್ಚಿಕೊಂಡು ಕುಳಿತೆ. ಎದುರಿಗೆ ಸಿಕ್ಕಾಗ ನಗುತ್ತಾ "ಹವಾ ಚೆನ್ನಾಗಿದೆ" ಎಂದೆ.

ಭಾನುವಾರದ ಕಾಫಿಗೆ ನನ್ನನ್ನೂ ಕರೆದಿದ್ದರು. ಅವರ ಮನೆಯಲ್ಲಿ ಪ್ಲಮ್ ಹಣ್ಣಿನ ಕೇಕು, ಮೇಲೆ ಕಡೆದ ಕೆನೆ. ಹಿಂದೆ ಗಂಟೆ ಸುತ್ತುತ್ತಿತ್ತು. ಟೆಸ್ಮರ್ ಫೋರ್ಕು ಕೆಳಗಿಟ್ಟರು.

"ಸ್ವಚ್ಛ ಅನ್ನೋಣ ಅಂತಿದ್ದೆ. ಆದ್ರೆ ಗುಡ್ರುನ್ ಅವರೇ, ಗುರುವಾರದಿಂದ ನೀವು ನನ್ನ ಒಂದು ಸಲಾನೂ ಬೈದಿಲ್ಲ."

"ಹುಷಾರಿರ್ಲಿಲ್ಲ," ಎಂದೆ.

"ನಿನ್ನೆ ಸೈಕಲ್ ಅಡ್ಡ ನಿಲ್ಲಿಸಿದ್ರು ಅಂತ ಕೆಳಗಿನ ಮನೆಯೋರ ಜನ್ಮ ಜಾಲಾಡಿದ್ರಲ್ಲ, ಕೇಳಿಸ್ತು ನನಗೆ."

"ಹೌದೌದು, ಅದು ಮಾತ್ರ ಕೇಳಿಸುತ್ತೆ!"

ಬಾಯಿಂದ ಜಾರಿಬಿಟ್ಟಿತು. ರೀಕೆ ಮೇಜಿನ ಕೆಳಗೆ ನನ್ನ ಕಾಲು ತುಳಿದದ್ದು ತಡವಾಯಿತು. ಟೆಸ್ಮರ್ ನನ್ನನ್ನು ನೋಡಲಿಲ್ಲ, ಮಗಳನ್ನೇ ನೋಡಿದರು.

"ಎಲ್ಲಿ ಕೆಟ್ಟಿದೆ?" ಎಂದರು.

"ಬೆಸುಗೇಲಿ, ಅಪ್ಪ. ಸುತ್ತಿಗೊಂದು ಟಿಕ್."

"ಎಷ್ಟು ದಿನದಿಂದ ನೀನು ನನ್ನ ತಪ್ಪನ್ನ ಹಿಂದಿನಿಂದ ಒರೆಸ್ಕೊಂಡು ಬರ್ತಿದ್ದೀಯ?"

"ವಸಂತದಿಂದ."

ಅವರ ಮುಖ ಕೆಂಪೇರಿತು. "ಕೇಳಿಸ್ದೆ ಇದ್ರೆ ಹೋಗ್ಲಿ, ವಯಸ್ಸಾಯ್ತು. ಆದ್ರೆ ಸುಳ್ಳು ತೀರ್ಪು ಕೊಡಿಸಿದೆಯಲ್ಲ ನನ್ನ ಕೈಲಿ! ಮೂಲೇಲಿ ಕೂರ್ಸಿ ಆಟದ ಸಾಮಾನು ಕೊಟ್ಟ ಹಾಗೆ. ನಾಳೆಯಿಂದ ತರ್ಬೇಡ. ಕಿವಿ ಇರೋರ ಹತ್ರ ಹೋಗು."

"ಕಿವಿ ಇರೋರು ಊರ್ ತುಂಬ ಇದ್ದಾರೆ," ಎಂದಳು ರೀಕೆ. ಅಳುತ್ತಿದ್ದಳು. "ನಂಗೆ ನೀನು ಬೇಕು. ಗುರುವಾರ ಇಲ್ಲಿಗೆ ಬರೋದು ಬೇಕು. ಅದು ಹೋಗ್ಬಿಡುತ್ತೆ ಅಂತ ಭಯ ಆಯ್ತು, ಅಪ್ಪ. ಅದಕ್ಕೇ ಹೇಳ್ಲಿಲ್ಲ."

ನಾನೂ ಮೂಗೊರೆಸಿಕೊಳ್ಳುತ್ತಿದ್ದೆ. ಟೆಸ್ಮರ್ ತಟ್ಟೆಯಲ್ಲಿದ್ದ ಕೇಕಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿದರು. ಆಮೇಲೆ ಅಂಗೈಯನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರು.

"ಬಾ. ಅದು ಬಂದಾಗೆಲ್ಲ ಇಲ್ಲಿ ತಟ್ಟು."

ರೀಕೆ ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕ ಕೂತಳು. ಗಂಟೆ ಮೊಳಗಿತು, ಸವೆಯಿತು, ಬೆಸುಗೆಯ ತಿರುವಿಗೆ ಬಂತು. ಅವಳು ಉಗುರಿನ ತುದಿಯಿಂದ ಮುದುಕನ ಅಂಗೈಗೆ ತಟ್ಟಿದಳು. ಮತ್ತೊಂದು ಸುತ್ತು, ಮತ್ತೆ ತಟ್ಟಿದಳು. ಅವರು ಕಣ್ಣು ಮುಚ್ಚಿದ್ದರು. ಹಾಗೇ ಎಷ್ಟೋ ಸುತ್ತು ಕಳೆದ ಮೇಲೆ ಅವರ ಹುಬ್ಬು ಗಂಟಾಯಿತು, ಅವಳು ತಟ್ಟುವ ಮುಂಚೆಯೇ ಬೆರಳುಗಳು ಮಡಚಿಕೊಳ್ಳತೊಡಗಿದವು.

"ಛೆ," ಎಂದರು. "ಇದೂ ಒಂದು ಬೆಸುಗೇನಾ! ಇದನ್ನ ಯಾರಿಗಾದ್ರೂ ಕೊಡ್ತಾರಾ? ಸ್ವಚ್ಛ ಇಲ್ಲ. ತಗೊಂಡ್ಹೋಗಿ ಸರಿ ಮಾಡ್ಕೊಂಡು ಗುರುವಾರ ಬಾ."

ರೀಕೆ ಅಪ್ಪನ ಅಂಗೈಯ ಮೇಲೆ ಹಣೆಯಿಟ್ಟು ನಗತೊಡಗಿದಳು.