ಕಾಕಾನ ಟ್ರ್ಯಾಕ್ಟರಿನ ಪಿನ್ನು

ಮಿರಜಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಯಾವ ಯಂತ್ರ ಕೆಟ್ಟರೂ ನನಗೆ ಕರೆ ಬರುತ್ತದೆ. ಹೋದ ಬೇಸಿಗೆಯ ಒಂದು ರವಿವಾರ ಖಂಡೇರಾಜುರಿಯಿಂದ ಕಾಕಾ ಫೋನ್ ಮಾಡಿದರು. ಅವರ ಹಳೆಯ ಟ್ರ್ಯಾಕ್ಟರಿನ ಪುಲ್ಲಿಯ ಹಿಂದಿನಿಂದ ಎಣ್ಣೆ ಸೋರುತ್ತಿತ್ತು. ಎಣ್ಣೆ ತಡೆಯುವ ಸೀಲ್ ಬದಲಿಸಲು ಪುಲ್ಲಿ ಬಿಚ್ಚಬೇಕು. ಪುಲ್ಲಿ ಬಿಚ್ಚಲು, ಅಡ್ಡಲಾಗಿ ತೂರಿ ಅದನ್ನು ಶಾಫ್ಟಿಗೆ ಹಿಡಿದಿಟ್ಟ ಕಿರುಬೆರಳಿನಷ್ಟು ದಪ್ಪದ ಪಿನ್ನನ್ನು ಹೊಡೆದು ತೆಗೆಯಬೇಕು.

“ಐದು ಮಿನಿಟಿನ ಕೆಲಸ. ಉಂಡು ಹೋಗುವಿಯಂತ, ಬಾ,” ಎಂದರು.

ನಾನು ಹೋದಾಗ ಸುತ್ತಿಗೆ ಹಿಡಿದೇ ನಿಂತಿದ್ದರು. ಪಿನ್ನಿನ ಎರಡೂ ತುದಿಗಳ ಮೇಲೆ ವರ್ಷಗಟ್ಟಲೆ ಕೂತ ಗ್ರೀಸು, ಧೂಳು.

“ಯಾವ ಕಡಿಯಿಂದ ಹೊಡೀಲಿ, ಮಾಸ್ತರ?”

ನನಗೇನು ಗೊತ್ತು? ಆದರೆ ಮಾಸ್ತರ ಎನ್ನಿಸಿಕೊಂಡ ಮೇಲೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಕೈಗೆ ಹತ್ತಿರವಿದ್ದ ತುದಿ ತೋರಿಸಿ, “ಇತ್ತಾಗಿಂದ್ರಿ,” ಎಂದೆ.

ನಾನು ಪಂಚಿನ ಉಕ್ಕಿನ ಕಡ್ಡಿಯನ್ನು ಆ ತುದಿಗೆ ಆನಿಸಿ ಹಿಡಿದೆ, ಕಾಕಾ ಅದರ ಮೇಲೆ ಹೊಡೆದರು. ಡೀಸೆಲ್ ಹಾಕಿ, ಚಹಾ ಕುಡಿದು, ಮತ್ತೆ ಹೊಡೆದರು. “ಬಾರೋ ನನ್ನ ರಾಜಾ,” ಎಂದು ಕನ್ನಡದಲ್ಲಿ ರಮಿಸಿದರು, ಸಿಟ್ಟು ಬಂದಾಗ ಮರಾಠಿಗೆ ಹೊರಳಿ, “ಏ ಬಾಬಾ, ನಿಘ ಕೀ ಆತಾ!”, ಹೊರಗೆ ಬಾರೋ ಇನ್ನ, ಎಂದು ಗದರಿಸಿದರು. ಪಿನ್ನು ಎರಡೂ ಭಾಷೆಗೆ ಕಿವುಡಾಗಿತ್ತು.

“ರೊಟ್ಟಿ ಆರಾಕತ್ತಾವು,” ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲಿನಿಂದ ಎರಡು ಸಲ ಕೂಗಿದರು.

ಕಾಕಾ ನೀರು ಕುಡಿಯಲು ಒಳಗೆ ಹೋದರು. ನಾನು ಸುಮ್ಮನೆ ನಿಲ್ಲಬಾರದೆಂದು ಡೀಸೆಲ್ಲಿನ ಅರಿವೆಯಿಂದ ಪಿನ್ನಿನ ತುದಿಗಳನ್ನು ತಿಕ್ಕಿದೆ. ಆಗ ಕಂಡಿತು: ಆ ಕಡೆಯ ತುದಿ ಸಣ್ಣದು, ನಾವು ಬಡಿಯುತ್ತಿದ್ದ ತುದಿ ದಪ್ಪ. ಒಂದೂವರೆ ತಾಸು ಬೆವರು ಸುರಿಸಿ ಪಿನ್ನನ್ನು ಇನ್ನಷ್ಟು ಬಿಗಿಯಾಗಿ ಜಡಿದಿದ್ದೆವು!

ಕಾಕಾ ಮರಳುವಷ್ಟರಲ್ಲಿ ಒಂದು ಸುಳ್ಳು ಸಿದ್ಧವಾಗಿತ್ತು. “ಕಾಕಾ, ಹೊಡದು ಹೊಡದು ಈ ಕಡಿ ಕಬ್ಬಿಣ ಕಾದು ಉಬ್ಬೇತ್ರಿ. ಪುಲ್ಲಿ ಅರ್ಧ ಸುತ್ತು ತಿರುವಿ ಆ ಕಡಿಯಿಂದ ಹೊಡೀರಿ.”

“ಹಂಗಂತೀ?” ಎಂದರು. ವಿಜ್ಞಾನದ ಮೇಲೆ ಅವರಿಗಿದ್ದ ಗೌರವ ನೋಡಲಾರದೆ ನಾನು ಬೇವಿನ ಮರದ ಕಡೆ ಮುಖ ತಿರುಗಿಸಿದೆ.

ಐದನೆಯ ಏಟಿಗೆ ಪಿನ್ನು ಹಾರಿ ಅವರ ಕಾಲಬಳಿ ಬಿತ್ತು. ಕಾಕಾ ಅದನ್ನೆತ್ತಿ ಧೋತರಕ್ಕೆ ಒರೆಸಿದರು. ದಪ್ಪ ತುದಿ ನೋಡಿದರು, ಸಣ್ಣ ತುದಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಮಾಸ್ತರ, ಇದು ಗಜ್ಜರಿ ಇದ್ದಂಗ ಐತೆಲ್ಲೋ?”

“ಸ್ವಲ್ಪ... ಹೌದ್ರಿ.”

“ನಿನಗ ಯಾವಾಗ ಗೊತ್ತಾತು?”

“ನೀವು ನೀರು ಕುಡಿಯಾಕ ಹೋದಾಗ.”

ಅವರು ನಕ್ಕ ರಭಸಕ್ಕೆ ಕಾಕು ಗಾಬರಿಯಾಗಿ ಓಡಿ ಬಂದರು. “ಕಬ್ಬಿಣ ಉಬ್ಬೇತಂತ!” ಎಂದಷ್ಟೇ ಹೇಳಿ ಕಾಕಾ ಮತ್ತೆ ನಗತೊಡಗಿದರು. ಪೂರ್ತಿ ಕೇಳಿಸಿಕೊಂಡ ಕಾಕು, “ಹಸದ ಹೊಟ್ಟ್ಯಾಗ ತಲಿ ಹೆಂಗ ಓಡಬೇಕು? ಮೊದಲ ಉಣ್ರಿ,” ಎಂದು ನನ್ನ ಮಾನ ಅಷ್ಟಿಷ್ಟು ಉಳಿಸಿದರು.

ಊಟದ ನಂತರ ಸೀಲ್ ಕೂಡಿಸಲು ಅರ್ಧ ತಾಸೂ ಹಿಡಿಯಲಿಲ್ಲ. ಸಂಜೆ ಮನೆ ಮುಟ್ಟಿ ಕೈಗೆ ಸಾಬೂನು ಹಚ್ಚುತ್ತಿದ್ದೆ, ಕಾಕಾನ ತಂಗಿ, ಬುಧಗಾಂವದ ಆತ್ಯಾನ ಫೋನು.

“ಏನೋ, ಕಬ್ಬಿಣ ಭಾಳ ಉಬ್ಬಿತ್ತಂತ?”

“ಈಗ ಆರೇತ್ರಿ, ಆತ್ಯಾ,” ಎಂದೆ.